ನೇಪಾಳದ ಹಿಮಶಿಖರಗಳು: ಹೆಸರು, ಎತ್ತರ, ಅಳತೆ

ಉತ್ತರದಲ್ಲಿ ಟಿಬೆಟ್ ಪ್ರಸ್ಥಭೂಮಿಗೂ ದಕ್ಷಿಣದಲ್ಲಿ ಗಂಗಾ ಬಯಲಿಗೂ ನಡುವೆ ಸಿಕ್ಕಿಕೊಂಡಿರುವ ನೇಪಾಳವು ಪೂರ್ವದಿಂದ ಪಶ್ಚಿಮಕ್ಕೆ ಸುಮಾರು 800 ಕಿ.ಮೀ. ಉದ್ದವಿದ್ದರೂ ಸರಾಸರಿ 200 ಕಿ.ಮೀ.ಗಿಂತ ಕಡಿಮೆ ಅಗಲದ ದೇಶ. ಈ ಕಿರಿದಾದ ಪಟ್ಟಿಯ ತೆಂಕಣ ಅಂಚಿನಲ್ಲಿ, ಆಗ್ನೇಯದ ಝಾಪಾ ಜಿಲ್ಲೆಯ ಗದ್ದೆಗಳು ಸಮುದ್ರಮಟ್ಟದಿಂದ ಕೇವಲ 60 ಮೀಟರಿನ ಆಸುಪಾಸಿನಲ್ಲಿವೆ. ಬಡಗಣ ಅಂಚಿನಲ್ಲಿ ಭೂಮಿಯ ಮೇಲಿನ ಅತ್ಯುನ್ನತ ಬಿಂದು 8,848.86 ಮೀಟರ್ ಎತ್ತರದಲ್ಲಿದೆ. ಜಗತ್ತಿನಲ್ಲಿ 8,000 ಮೀಟರ್ ದಾಟಿದ ಪರ್ವತಗಳೆಂದು ಒಪ್ಪಲಾಗಿರುವ ಹದಿನಾಲ್ಕರಲ್ಲಿ ಎಂಟು ನೇಪಾಳದೊಳಗೆ ಅಥವಾ ಅದರ ಗಡಿಯ ಮೇಲಿವೆ. ಧೌಲಾಗಿರಿ, ಮನಾಸ್ಲು, ಅನ್ನಪೂರ್ಣ ಈ ಮೂರು ಪೂರ್ತಿಯಾಗಿ ನೇಪಾಳದ ನೆಲದಲ್ಲಿದ್ದರೆ, ಎವರೆಸ್ಟ್ ಎಂದು ಜಗತ್ತು ಬಲ್ಲ ಸಾಗರಮಾಥಾ, ಲೋತ್ಸೆ, ಮಕಾಲು, ಚೋ ಓಯು ಚೀನಾದೊಂದಿಗಿನ ಗಡಿಯ ಮೇಲೂ ಕಾಂಚನಜುಂಗಾ ಸಿಕ್ಕಿಮಿನೊಂದಿಗಿನ ಗಡಿಯ ಮೇಲೂ ನಿಂತಿವೆ.

ನೇಪಾಳಿಗರು ಎತ್ತರದ ನೆಲವನ್ನೆಲ್ಲ ಒಂದೇ ಪದದಿಂದ ಕರೆಯುವುದಿಲ್ಲ ಎಂಬುದನ್ನು ಮೊದಲೇ ತಿಳಿದುಕೊಂಡರೆ ಮುಂದಿನ ಹೆಸರುಗಳು ಸುಲಭವಾಗುತ್ತವೆ. ವರ್ಷವಿಡೀ ಹಿಮ ಹೊದ್ದಿರುವ ಪರ್ವತಕ್ಕೆ ಮಾತ್ರ ಅಲ್ಲಿ 'ಹಿಮಾಲ್' ಎನ್ನುತ್ತಾರೆ. ಊರು, ಮೆಟ್ಟಿಲುಗದ್ದೆ, ಕಾಡು ಇರುವ ಬೆಟ್ಟಸೀಮೆ 'ಪಹಾಡ್'. ಚಳಿಗಾಲದಲ್ಲಷ್ಟೇ ಹಿಮ ಬಿದ್ದು ಬೇಸಿಗೆಯಲ್ಲಿ ಕರಗಿಹೋಗುವ ಎತ್ತರದ ಏಣುಗಳು 'ಲೇಕ್'. ಬಯಲುಸೀಮೆಯಾದ ತರಾಯಿಯಿಂದ ಉತ್ತರಕ್ಕೆ ಹೊರಟವರಿಗೆ ಮೊದಲು ಚುರೆ ಎಂಬ ತಗ್ಗುಗುಡ್ಡಗಳ ಸಾಲು, ಅದರ ಹಿಂದೆ ಮಹಾಭಾರತ ಲೇಕ್, ಆಮೇಲೆ ಕಾಠ್ಮಂಡು, ಪೋಖರಾದಂತಹ ಕಣಿವೆಗಳಿರುವ ಪಹಾಡ್, ಕೊನೆಗೆ ಹಿಮಾಲ್ ಎದುರಾಗುತ್ತವೆ. ಕರ್ನಾಟಕದ ಅತಿ ಎತ್ತರದ ಮುಳ್ಳಯ್ಯನಗಿರಿ ಸುಮಾರು 1,930 ಮೀಟರ್ ಇದೆ. ಅದಕ್ಕಿಂತ ಐನೂರು, ಸಾವಿರ ಮೀಟರ್ ಮಿಗಿಲಾದ ಮಹಾಭಾರತ ಲೇಕ್‌ನ ಎಷ್ಟೋ ನೆತ್ತಿಗಳು ನೇಪಾಳದ ಹೊರಗೆ ಯಾರ ಕಿವಿಗೂ ಬಿದ್ದಿಲ್ಲ, ಅವುಗಳ ಹೆಸರುಗಳನ್ನು ಸುತ್ತಲಿನ ಹಳ್ಳಿಗಳವರಷ್ಟೇ ಬಲ್ಲರು.

ಇಷ್ಟು ಎತ್ತರ ಇಲ್ಲಿಯೇ ಒಟ್ಟುಗೂಡಿದ್ದಕ್ಕೆ ಕಾರಣ ಭೂಫಲಕಗಳ, ಅಂದರೆ ಭೂಮಿಯ ಹೊರಪದರವು ಒಡೆದು ಉಂಟಾಗಿರುವ ಮಹಾಹಾಸುಗಳ, ಚಲನೆ. ಸುಮಾರು 5 ಕೋಟಿ ವರ್ಷಗಳ ಹಿಂದೆ ಭಾರತದ ಫಲಕವು ಏಷ್ಯಾದ ಫಲಕಕ್ಕೆ ಬಂದು ತಗುಲಿತು. ಅವೆರಡರ ನಡುವೆ ಇದ್ದ ಟೆಥಿಸ್ ಎಂಬ ಸಾಗರ ಮುಚ್ಚಿಹೋಗಿ, ಅದರ ತಳದಲ್ಲಿ ಕೂಡಿದ್ದ ಮರಳು, ಕೆಸರು, ಸುಣ್ಣದ ಪದರಗಳು ಮಡಿಸಿಕೊಂಡು, ಒಂದರ ಮೇಲೊಂದು ಏರಿ ಮೇಲೆದ್ದವು. ಜಗತ್ತಿನ ಅತ್ಯುನ್ನತ ಶಿಖರದ ನೆತ್ತಿಯ ಬಂಡೆ ಸುಣ್ಣಕಲ್ಲು. ಅದರಲ್ಲಿ ಕಡಲಜೀವಿಗಳ ಅವಶೇಷಗಳಿವೆ. ಆ ತಳ್ಳಾಟ ಇಂದಿಗೂ ನಿಂತಿಲ್ಲ. ನೇಪಾಳದ ಅಗಲವು ವರ್ಷಕ್ಕೆ ಸುಮಾರು 2 ಸೆಂ.ಮೀ. ಪ್ರಮಾಣದಲ್ಲಿ ಅದುಮಿಕೊಳ್ಳುತ್ತಿದ್ದು, ಹಾಗೆ ಕೂಡಿಟ್ಟ ಒತ್ತಡ ಒಮ್ಮೆಲೇ ಬಿಡುಗಡೆಯಾದಾಗ ಭೂಕಂಪವಾಗುತ್ತದೆ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಕಾಠ್ಮಂಡುವಿನ ಸುತ್ತಲಿನ ನೆಲ ಸುಮಾರು ಒಂದು ಮೀಟರಿನಷ್ಟು ಮೇಲೆದ್ದಿತು, ಅದರ ಉತ್ತರದ ಹಿಮಪರ್ವತಗಳ ಭಾಗ ಸ್ವಲ್ಪ ಕುಸಿಯಿತು. ಪರ್ವತದ ಎತ್ತರವೆಂಬುದು ಕಲ್ಲಿನಲ್ಲಿ ಕೆತ್ತಿಟ್ಟ ಸ್ಥಿರಸಂಖ್ಯೆಯೆಂದು ಪಠ್ಯಪುಸ್ತಕಗಳಿಂದ ಕಲಿತವರಿಗೆ ಇದು ವಿಚಿತ್ರವಾಗಿ ಕಾಣಬಹುದು. ಆದರೆ ಆ ಸಂಖ್ಯೆಯನ್ನು ಹೇಗೆ ಪಡೆಯುತ್ತಾರೆ ಎಂಬುದನ್ನು ನೋಡಿದರೆ ಅದರಲ್ಲಿ ಎಷ್ಟು ಜನರ ದುಡಿಮೆ ಸೇರಿದೆ, ಎಷ್ಟು ಒಪ್ಪಂದಗಳು ಅಡಗಿವೆ ಎಂಬುದು ಗೊತ್ತಾಗುತ್ತದೆ.

ಹಿಮಾಲಯದ ಎತ್ತರವನ್ನು ಮೊದಲು ಅಳೆದವರು ಪರ್ವತದ ಹತ್ತಿರಕ್ಕೂ ಹೋಗಿರಲಿಲ್ಲ. ನೇಪಾಳವು ಹೊರಗಿನ ಸರ್ವೆಯವರಿಗೆ ತನ್ನ ಗಡಿಯನ್ನು ತೆರೆದಿರಲಿಲ್ಲವಾದ್ದರಿಂದ ಬ್ರಿಟಿಷ್ ಅಧಿಕಾರಿಗಳು ಬಯಲಿನಲ್ಲಿ ನಿಂತೇ ದೂರದ ಬಿಳಿ ಮೊನೆಗಳತ್ತ ದುರ್ಬೀನು ತಿರುಗಿಸಬೇಕಾಯಿತು. ವಿಲಿಯಂ ವೆಬ್ ಎಂಬ ಅಧಿಕಾರಿ 19ನೇ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಧೌಲಾಗಿರಿಯನ್ನು ಹೀಗೆ ಅಳೆದು 26,862 ಅಡಿ, ಅಂದರೆ ಸುಮಾರು 8,187 ಮೀಟರ್ ಎಂದು ಲೆಕ್ಕ ಕೊಟ್ಟರು. ಯೂರೋಪಿನ ವಿದ್ವಾಂಸರು ಅದನ್ನು ನಂಬಲಿಲ್ಲ. ಅವರ ಪಾಲಿಗೆ ದಕ್ಷಿಣ ಅಮೆರಿಕದ ಚಿಂಬೊರಾಜೊಗಿಂತ ಎತ್ತರದ ಪರ್ವತ ಇರಲು ಸಾಧ್ಯವೇ ಇರಲಿಲ್ಲ. ಇಂದು ಧೌಲಾಗಿರಿಗೆ ಒಪ್ಪಿರುವ ಎತ್ತರ 8,167 ಮೀಟರ್. ಎರಡು ಶತಮಾನಗಳ ಹಿಂದಿನ ಉಪಕರಣದಿಂದ, ಅಷ್ಟು ದೂರದಿಂದ ಮಾಡಿದ ಅಳತೆ ಕೇವಲ ಇಪ್ಪತ್ತು ಮೀಟರಿನಷ್ಟು ತಪ್ಪಿತೆಂಬುದು ಇಂದಿಗೂ ಬೆರಗು ಹುಟ್ಟಿಸುವ ಸಂಗತಿ.

ಇಂತಹ ಬಿಡಿ ಅಳತೆಗಳಿಗೆ ಭದ್ರವಾದ ಬುನಾದಿ ದೊರೆತದ್ದು ದಕ್ಷಿಣ ಭಾರತದಿಂದ ಹೊರಟ ಮಹಾ ತ್ರಿಕೋನಮಿತಿ ಸರ್ವೆಯಿಂದ. ನೆಲದ ಮೇಲೆ ಒಂದು ನೇರಗೆರೆಯನ್ನು ಸರಪಳಿಯಿಂದ ಅತಿ ಎಚ್ಚರಿಕೆಯಿಂದ ಅಳೆದು, ಅದರ ಎರಡು ತುದಿಗಳಿಂದ ದೂರದ ಮೂರನೆಯ ಬಿಂದುವಿಗೆ ಇರುವ ಕೋನಗಳನ್ನು ನೋಡಿಕೊಂಡರೆ, ಆ ಬಿಂದುವಿನ ದೂರವನ್ನು ನಡೆದುಹೋಗದೆಯೇ ಲೆಕ್ಕ ಹಾಕಬಹುದು. ಹೀಗೆ ಹುಟ್ಟಿದ ತ್ರಿಕೋನದ ಒಂದೊಂದು ಬಾಹುವನ್ನೂ ಮುಂದಿನ ತ್ರಿಕೋನಕ್ಕೆ ಬುಡವಾಗಿ ಇಟ್ಟುಕೊಳ್ಳುತ್ತ ದೇಶವನ್ನೆಲ್ಲ ಹೆಣೆಯಬಹುದು. ಬುಡದ ಆ ಮೊದಲ ಗೆರೆಗೆ ಆಧಾರರೇಖೆ ಎಂದೂ, ಕೋನ ನೋಡುವ ಉಪಕರಣಕ್ಕೆ ಥಿಯೊಡೊಲೈಟ್ ಎಂದೂ ಹೆಸರು. 1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿ ಪಾಲ್ಗೊಂಡಿದ್ದ ವಿಲಿಯಂ ಲ್ಯಾಂಬ್ಟನ್ 1802ರ ಏಪ್ರಿಲ್‌ನಲ್ಲಿ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಬಳಿ ಇಂತಹ ಆಧಾರರೇಖೆಯ ಅಳತೆಯನ್ನು ಆರಂಭಿಸಿದರು. ಅಲ್ಲಿಂದ ಪಶ್ಚಿಮಕ್ಕೆ ಹೆಣೆದ ತ್ರಿಕೋನಗಳು ಸರಿಯಾಗಿವೆಯೇ ಎಂದು ಪರೀಕ್ಷಿಸಲು 1804ರಲ್ಲಿ ಬೆಂಗಳೂರಿನ ಬಳಿ ಇನ್ನೊಂದು ರೇಖೆಯನ್ನು ಅಳೆದಾಗ, ಲೆಕ್ಕಕ್ಕೂ ನೆಲದ ಅಳತೆಗೂ ಕಂಡುಬಂದ ವ್ಯತ್ಯಾಸ ಕೆಲವೇ ಅಂಗುಲಗಳಷ್ಟಿತ್ತು. ಮುಂದೆ ಜಾರ್ಜ್ ಎವರೆಸ್ಟ್ ಅವರ ಮೇಲ್ವಿಚಾರಣೆಯಲ್ಲಿ ಈ ತ್ರಿಕೋನಗಳ ಸರಣಿ ಹಿಮಾಲಯದ ತಪ್ಪಲನ್ನು ಮುಟ್ಟಿತು. ಹಿಮಶಿಖರಗಳ ಎತ್ತರದ ಲೆಕ್ಕದ ತಳದಲ್ಲಿ ಬೆಂಗಳೂರಿನ ಹೊರವಲಯದ ಆ ಗೆರೆಯೂ ಸೇರಿದೆಯೆಂಬುದನ್ನು ಕನ್ನಡ ಓದುಗರು ನೆನಪಿನಲ್ಲಿಡುವುದು ಯೋಗ್ಯ.

ಎವರೆಸ್ಟ್ 1843ರಲ್ಲಿ ನಿವೃತ್ತರಾದ ಮೇಲೆ ಆಂಡ್ರ್ಯೂ ವಾ ಸರ್ವೇಯರ್ ಜನರಲ್ ಆದರು. ಆಗ ತರಾಯಿಯ ಬಯಲಿನ ಠಾಣೆಗಳಿಂದ ಶಿಖರಗಳನ್ನು ಒಂದೊಂದಾಗಿ ಗುರಿಯಿಟ್ಟು ನೋಡಲಾಯಿತು. ಜ್ವರ, ಮಳೆ, ಮಂಜುಗಳ ನಡುವೆ, ಮುಂಜಾವಿನ ಕೆಲ ಹೊತ್ತು ಮಾತ್ರ ಸ್ಪಷ್ಟವಾಗಿ ಕಾಣುವ ಮೊನೆಗಳಿಗೆ ಸ್ಥಳೀಯ ಹೆಸರು ಕೇಳಲು ಸಾಧ್ಯವಿಲ್ಲದ್ದರಿಂದ ರೋಮನ್ ಅಂಕಿಗಳನ್ನು ಕೊಡಲಾಗಿತ್ತು. 1849-50ರಲ್ಲಿ 170 ಕಿ.ಮೀ.ಗೂ ಹೆಚ್ಚು ದೂರದಿಂದ ನೋಡಿದ 15ನೇ ಶಿಖರದ ಲೆಕ್ಕ ಕೈಗೆತ್ತಿಕೊಂಡಾಗ ಅದು ಉಳಿದೆಲ್ಲಕ್ಕಿಂತ ಎತ್ತರವೆಂದು ತಿಳಿಯಿತು. ಲೆಕ್ಕದ ವಿಭಾಗದ ಮುಖ್ಯಸ್ಥರಾಗಿದ್ದವರು ಬಂಗಾಳದ ಗಣಿತಜ್ಞ ರಾಧಾನಾಥ ಸಿಕ್ದಾರ್. 1852ರ ಸುಮಾರಿಗೆ ಹೊರಬಿದ್ದ ಈ ಫಲಿತಾಂಶದಲ್ಲಿ ಅವರ ಪಾಲು ದೊಡ್ಡದು. ದೂರದಿಂದ ಬರುವ ಬೆಳಕು ಗಾಳಿಯ ದಟ್ಟ, ತೆಳು ಪದರಗಳ ಮೂಲಕ ಹಾಯುವಾಗ ಬಾಗುತ್ತದೆ; ವಕ್ರೀಭವನವೆಂದು ಕರೆಯುವ ಈ ಬಾಗುವಿಕೆಯಿಂದ ಶಿಖರ ಇರುವುದಕ್ಕಿಂತ ಮೇಲೆ ಇರುವಂತೆ ತೋರುತ್ತದೆ. ಭೂಮಿಯ ದುಂಡಗಿನ ಮೈ ಅದನ್ನು ಕೆಳಗಿಳಿಸಿ ತೋರಿಸುತ್ತದೆ. ಎರಡನ್ನೂ ಸರಿದೂಗಿಸಿ, ಹಲವು ಠಾಣೆಗಳ ಫಲಿತಾಂಶಗಳ ಸರಾಸರಿ ತೆಗೆದು, ಮರುಪರಿಶೀಲನೆ ಮಾಡಿ, 1856ರಲ್ಲಿ ವಾ ಪ್ರಕಟಿಸಿದ ಎತ್ತರ 29,002 ಅಡಿ, ಅಂದರೆ ಸುಮಾರು 8,840 ಮೀಟರ್. ಇಂದಿನ ಸಂಖ್ಯೆಗೂ ಅದಕ್ಕೂ ಇರುವ ಅಂತರ ಒಂಬತ್ತು ಮೀಟರ್ ಮಾತ್ರ.

ಅಳತೆಯ ಈ ಕೆಲಸವೇ ಇನ್ನೊಂದು ದೊಡ್ಡ ತಿಳಿವಿಗೂ ದಾರಿಯಾಯಿತು. ಗೋಡೆ ಕಟ್ಟುವವರು ನೇರ ನೋಡಲು ಇಳಿಬಿಡುವ ತೂಕದ ಗುಂಡು ಎಲ್ಲೆಡೆ ಭೂಮಿಯ ನಡುವಿನತ್ತ ತೂಗುವುದಿಲ್ಲ; ಪಕ್ಕದಲ್ಲಿ ಮಹಾಪರ್ವತವಿದ್ದರೆ ಅದರ ಗುರುತ್ವದ ಸೆಳೆತಕ್ಕೆ ತುಸು ಆ ಕಡೆಗೆ ವಾಲುತ್ತದೆ. ಹಿಮಾಲಯ ಎಷ್ಟು ವಾಲಿಸಬೇಕೆಂದು ಜಾನ್ ಪ್ರ್ಯಾಟ್ 1855ರಲ್ಲಿ ಲೆಕ್ಕ ಹಾಕಿದಾಗ, ಸರ್ವೆಯಲ್ಲಿ ಕಂಡದ್ದು ಅದರ ಮೂರನೇ ಒಂದರಷ್ಟು ಮಾತ್ರವೆಂದು ಗೊತ್ತಾಯಿತು. ಪರ್ವತದ ಕೆಳಗೆ ಹಗುರವಾದ ಬಂಡೆಯ ಬೇರೊಂದು ಆಳಕ್ಕೆ ಇಳಿದಿರಬೇಕು, ನೀರಿನಲ್ಲಿ ತೇಲುವ ಮಂಜುಗಡ್ಡೆಯಂತೆ ಪರ್ವತವೂ ತನ್ನ ಬಹುಭಾಗವನ್ನು ಕೆಳಗೆ ಮುಳುಗಿಸಿಕೊಂಡು ನಿಂತಿರಬೇಕು ಎಂಬ ವಿವರಣೆಯನ್ನು ಜಾರ್ಜ್ ಏರಿ ಕೂಡಲೇ ಮುಂದಿಟ್ಟರು. ಪರ್ವತಗಳಿಗೆ ಬೇರಿದೆ ಎಂಬ ಮಾತು ವಿಜ್ಞಾನಕ್ಕೆ ಬಂದದ್ದು ಹೀಗೆ, ಭಾರತದ ಬಯಲಿನ ಸರ್ವೆ ಪುಸ್ತಕಗಳಿಂದ.

ಎತ್ತರವನ್ನು 'ಸಮುದ್ರಮಟ್ಟದಿಂದ' ಎನ್ನುವುದು ರೂಢಿಯಾದರೂ ಸಾಗರಮಾಥಾದ ಕೆಳಗೆ ಸಮುದ್ರವಿಲ್ಲ. ಅಲ್ಲಿಯವರೆಗೆ ಕಡಲು ಹರಡಿದ್ದರೆ ಗುರುತ್ವದ ಸೆಳೆತಕ್ಕೆ ಸಿಕ್ಕಿ ಅದರ ಮೈ ಎಲ್ಲಿ ನಿಲ್ಲುತ್ತಿತ್ತು ಎಂಬುದನ್ನು ಕಲ್ಪಿಸಿ, ಆ ಕಲ್ಪಿತ ಮೇಲ್ಮೈಯಿಂದ ಎಣಿಸಬೇಕು; ಈ ಮೇಲ್ಮೈಗೆ ಜಿಯಾಯ್ಡ್ ಎನ್ನುತ್ತಾರೆ. ಉಪಗ್ರಹಗಳ ಸಹಾಯದಿಂದ ಶಿಖರದ ಸ್ಥಾನವನ್ನು ಸೆಂಟಿಮೀಟರುಗಳ ಮಟ್ಟದಲ್ಲಿ ಹಿಡಿಯಬಹುದಾದರೂ, ಜಿಯಾಯ್ಡ್ ಎಲ್ಲಿದೆಯೆಂದು ನಿಖರವಾಗಿ ತಿಳಿಯಲು ಗುರುತ್ವವನ್ನೂ ಅಳೆಯಬೇಕಾಗುತ್ತದೆ. ಇದರ ಮೇಲೆ ಇನ್ನೊಂದು ಪ್ರಶ್ನೆ: ನೆತ್ತಿಯ ಮೇಲೆ ಕೂಡಿರುವ ಹಿಮವನ್ನೂ ಸೇರಿಸಬೇಕೆ, ಬಂಡೆಯಷ್ಟನ್ನೇ ಎಣಿಸಬೇಕೆ? ಭಾರತೀಯ ಸರ್ವೇಕ್ಷಣ ಇಲಾಖೆಯು 1950ರ ದಶಕದ ನಡುವಿನಲ್ಲಿ ಗೊತ್ತುಮಾಡಿದ 8,848 ಮೀಟರ್ ಹಿಮವನ್ನೂ ಒಳಗೊಂಡದ್ದು. ಚೀನಾ 2005ರಲ್ಲಿ ಪ್ರಕಟಿಸಿದ 8,844.43 ಮೀಟರ್ ಬಂಡೆಯ ಎತ್ತರ. 1999ರಲ್ಲಿ ಅಮೆರಿಕದ ತಂಡವೊಂದು 8,850 ಎಂದಿತ್ತು. 2015ರ ಭೂಕಂಪದ ನಂತರ ಎತ್ತರ ಬದಲಾಗಿದೆಯೇ ಎಂಬ ಸಂದೇಹ ಎದ್ದಾಗ ನೇಪಾಳವು ಮೊದಲ ಬಾರಿಗೆ ತನ್ನದೇ ಸರ್ವೆಯವರಿಂದ ಈ ಕೆಲಸ ಮಾಡಿಸಲು ನಿರ್ಧರಿಸಿತು. ಖಿಮ್ ಲಾಲ್ ಗೌತಮ್ ನೇತೃತ್ವದ ತಂಡ 2019ರ ಮೇ 22ರ ನಸುಕಿನಲ್ಲಿ, ಇತರ ಆರೋಹಿಗಳ ಗದ್ದಲವಿಲ್ಲದ ಹೊತ್ತಿನಲ್ಲಿ, ಉಪಗ್ರಹ ಗ್ರಾಹಕವನ್ನೂ ಹಿಮದ ದಪ್ಪ ಅಳೆಯುವ ರಾಡಾರನ್ನೂ ಹೊತ್ತು ತುದಿ ತಲುಪಿತು. ಮರುವರ್ಷದ ಮೇ ತಿಂಗಳಲ್ಲಿ ಚೀನಾದ ತಂಡ ಉತ್ತರದಿಂದ ಏರಿತು. 2020ರ ಡಿಸೆಂಬರ್ 8ರಂದು ಎರಡೂ ದೇಶಗಳು ಒಟ್ಟಾಗಿ 8,848.86 ಮೀಟರ್ ಎಂದು ಪ್ರಕಟಿಸಿದವು. ಬೇರೆಬೇರೆ ಕಡಲುಗಳಿಂದ, ಬೇರೆಬೇರೆ ನೆತ್ತಿಗೆ ಎಣಿಸುತ್ತಿದ್ದ ಇಬ್ಬರು ನೆರೆಯವರು ಒಂದೇ ಸಂಖ್ಯೆಗೆ ಬಂದದ್ದು ಆ 86 ಸೆಂಟಿಮೀಟರುಗಳಿಗಿಂತ ದೊಡ್ಡ ಸಂಗತಿ.

ಎತ್ತರದ ಹಾಗೆ ಹೆಸರೂ ಸುಲಭವಾಗಿ ನಿಲ್ಲಲಿಲ್ಲ. ಸ್ಥಳೀಯ ಹೆಸರು ಸಿಗಲಿಲ್ಲವೆಂದು ಹೇಳಿ ವಾ ತಮ್ಮ ಹಿಂದಿನ ಅಧಿಕಾರಿಯ ಹೆಸರನ್ನು 15ನೇ ಶಿಖರಕ್ಕೆ ಸೂಚಿಸಿದಾಗ, ಈ ನೆಲದ ಜನರ ನಾಲಗೆಗೆ ತಮ್ಮ ಹೆಸರು ಹೊರಳದು ಎಂದು ಸ್ವತಃ ಎವರೆಸ್ಟ್ ಆಕ್ಷೇಪಿಸಿದ್ದರು. ಕಾಠ್ಮಂಡುವಿನಲ್ಲಿ ಬಹುಕಾಲ ಇದ್ದ ಬ್ರಯನ್ ಹಾಡ್ಜ್‌ಸನ್ 'ದೇವಧುಂಗಾ' ಎಂಬ ಹೆಸರನ್ನು ಮುಂದಿಟ್ಟರು; ಜರ್ಮನಿಯ ಹರ್ಮನ್ ಶ್ಲಾಗಿನ್‌ಟ್ವೈಟ್ ಅದು 'ಗೌರಿಶಂಕರ' ಎಂದು ವಾದಿಸಿದರು. ಗೌರಿಶಂಕರವು ಬೇರೆಯದೇ ಪರ್ವತವೆಂಬುದು 1903ರಲ್ಲಿ ಹೆನ್ರಿ ವುಡ್ ಕಾಠ್ಮಂಡು ಕಣಿವೆಯ ಅಂಚಿನಿಂದ ನೋಡಿ ತಿಳಿಸುವವರೆಗೂ ಖಚಿತವಾಗಲಿಲ್ಲ. ಆದರೆ ಪರ್ವತದ ಎರಡೂ ಮಗ್ಗುಲಿನ ಟಿಬೆಟಿಯನ್ನರೂ ಶೆರ್ಪಾಗಳೂ ಅದನ್ನು ಚೊಮೊಲುಂಗ್ಮಾ ಎಂದು ದೇವಿಯಾಗಿ ಕಾಣುತ್ತ ಬಂದಿದ್ದರು. ನೇಪಾಳಿ ಭಾಷೆಯ 'ಸಾಗರಮಾಥಾ' ಎಂಬ ಹೆಸರಿಗೆ ಬಳಕೆ ತಂದವರು ಇತಿಹಾಸಕಾರ ಬಾಬುರಾಮ್ ಆಚಾರ್ಯ. ಸರ್ಕಾರ ಆಮೇಲೆ ಅದನ್ನು ಅಧಿಕೃತಗೊಳಿಸಿತು. 1976ರಲ್ಲಿ ಸ್ಥಾಪನೆಯಾದ ಸಾಗರಮಾಥಾ ರಾಷ್ಟ್ರೀಯ ಉದ್ಯಾನದ ಹೆಸರಿನಿಂದ ಅದು ಜಗತ್ತಿಗೂ ಪರಿಚಿತವಾಯಿತು. ಹೊರಗಿನವರಿಗೆ ಹೆಸರು ಸಿಗಲಿಲ್ಲ ಎಂಬುದು ಗಡಿ ಮುಚ್ಚಿದ್ದ ಕಾಲದ ಸತ್ಯ. ಹೆಸರೇ ಇರಲಿಲ್ಲ ಎಂಬುದು ಎಂದೂ ಸತ್ಯವಾಗಿರಲಿಲ್ಲ.

ಇನ್ನು ಶಿಖರಗಳನ್ನು ಒಂದೊಂದಾಗಿ ನೋಡುತ್ತ ಪೂರ್ವದ ಗಡಿಯಿಂದ ಪಶ್ಚಿಮಕ್ಕೆ ಹೊರಟರೆ ಮೊದಲು ಸಿಗುವ ಕಾಂಚನಜುಂಗಾ, 8,586 ಮೀಟರ್, ಜಗತ್ತಿನ ಮೂರನೆಯ ಅತಿ ಎತ್ತರದ ಪರ್ವತ. ಡಾರ್ಜಿಲಿಂಗಿನಿಂದ ಕಣ್ತುಂಬ ಕಾಣುವ ಇದೇ 1840ರ ದಶಕದ ಕೊನೆಯಲ್ಲಿ ಕೆಲಕಾಲ ಜಗತ್ತಿನ ಅತ್ಯುನ್ನತವೆಂದು ಎಣಿಕೆಯಾಗಿತ್ತು. ಮಹಾಹಿಮದ ಐದು ಭಂಡಾರಗಳೆಂಬುದು ಅದರ ಟಿಬೆಟನ್ ಹೆಸರಿನ ಅರ್ಥ. ಐದು ಶಿಖರಗಳಿರುವ ಈ ಪರ್ವತವನ್ನು ಸಿಕ್ಕಿಮಿನ ಜನ ತಮ್ಮ ಕಾವಲುದೈವವಾಗಿ ಪೂಜಿಸುತ್ತಾರೆ. 1955ರ ಮೇ 25ರಂದು ಬ್ರಿಟಿಷ್ ತಂಡದ ಜೋ ಬ್ರೌನ್ ಮತ್ತು ಜಾರ್ಜ್ ಬ್ಯಾಂಡ್ ಮೊದಲ ಬಾರಿಗೆ ಮೇಲೆ ತಲುಪಿದಾಗ, ಸಿಕ್ಕಿಮಿಗೆ ಕೊಟ್ಟ ಮಾತಿನಂತೆ ನೆತ್ತಿಯನ್ನು ಮೆಟ್ಟದೆ ಕೆಲವೇ ಅಡಿಗಳ ಕೆಳಗೆ ನಿಂತು ಮರಳಿದರು. ಆಮೇಲೆ ಬಂದ ಅನೇಕರು ಅದನ್ನೇ ಪಾಲಿಸಿದರು. ಇದರ ಪಶ್ಚಿಮಕ್ಕಿರುವ 7,710 ಮೀಟರಿನ ಕುಂಭಕರ್ಣವನ್ನು ಆರೋಹಿಗಳು ಜನ್ನು ಎಂಬ ಹೆಸರಿನಿಂದ ಬಲ್ಲರು. ಅದರ ಕಡಿದಾದ ಉತ್ತರದ ಗೋಡೆ ಹಿಮಾಲಯದ ಅತಿ ಕಠಿಣ ಏರುದಾರಿಗಳಲ್ಲಿ ಒಂದು. ಸುತ್ತಲಿನ ಲಿಂಬು ಜನರಿಗೆ ಅದು ಫಕ್ತಾಂಗ್ಲುಂಗ್, ಪವಿತ್ರ ಪರ್ವತ.

ಅರುಣ್ ನದಿಯನ್ನು ದಾಟಿದರೆ ಮಕಾಲು, 8,485 ಮೀಟರ್. ನಾಲ್ಕು ಮುಖಗಳ ಪಿರಮಿಡ್ಡಿನ ಆಕಾರದಲ್ಲಿ ಒಂಟಿಯಾಗಿ ನಿಂತಿರುವ ಇದರ ಹೆಸರಿಗೆ ಶಿವನ ಮಹಾಕಾಲ ರೂಪವೇ ಮೂಲವೆಂದು ಹೇಳುತ್ತಾರೆ. ಇದರ ವಾಯವ್ಯದಲ್ಲಿ ಸಾಗರಮಾಥಾ, ಲೋತ್ಸೆ, ನುಪ್ತ್ಸೆ ಒಂದೇ ಏಣಿನಿಂದ ಬೆಸೆದುಕೊಂಡಿವೆ. ಟಿಬೆಟನ್ ಭಾಷೆಯಲ್ಲಿ ಲೋತ್ಸೆ ಎಂದರೆ ದಕ್ಷಿಣ ಶಿಖರ, ನುಪ್ತ್ಸೆ ಎಂದರೆ ಪಶ್ಚಿಮ ಶಿಖರ. 8,516 ಮೀಟರ್ ಎತ್ತರವಿದ್ದು ಜಗತ್ತಿನಲ್ಲೇ ನಾಲ್ಕನೆಯದಾದ ಪರ್ವತಕ್ಕೆ ಸ್ವಂತ ಹೆಸರಿಲ್ಲದೆ ನೆರೆಯದರ ದಿಕ್ಕಿನಿಂದ ಗುರುತಾಗುವ ಪಾಡು ಬಂದಿದೆ. ಲೋತ್ಸೆ ಬೇರೆ ಪರ್ವತವೇ, ಸಾಗರಮಾಥಾದ ಇನ್ನೊಂದು ಮೊನೆಯೇ ಎಂಬುದನ್ನು ತೀರ್ಮಾನಿಸಲು ಭೂಗೋಳಜ್ಞರು ಎರಡರ ನಡುವಿನ ತಗ್ಗನ್ನು ನೋಡುತ್ತಾರೆ: ದಕ್ಷಿಣ ಕೋಲ್ ಎಂಬ ಆ ತಗ್ಗು 7,906 ಮೀಟರಿನಲ್ಲಿದ್ದು, ಅಲ್ಲಿಂದ ಲೋತ್ಸೆ 610 ಮೀಟರ್ ಮೇಲೇಳುವುದರಿಂದ ಅದಕ್ಕೆ ಪ್ರತ್ಯೇಕ ಸ್ಥಾನ ದೊರೆತಿದೆ. ಹೀಗೆ ನೆರೆಯ ಎತ್ತರದಿಂದ ಬೇರ್ಪಡಿಸುವ ತಗ್ಗಿನಿಂದ ಎಣಿಸಿದ ಏರಿಕೆಯೇ ಶಿಖರದ ಸ್ವತಂತ್ರ ಎತ್ತರ. 8,505 ಮೀಟರಿನ ಯಾಲುಂಗ್ ಕಾಂಗ್ ಸೇರಿದಂತೆ ಕಾಂಚನಜುಂಗಾ ಮತ್ತು ಲೋತ್ಸೆಗಳ ಐದು ಉಪಶಿಖರಗಳನ್ನೂ ಬೇರೆ ಪರ್ವತಗಳೆಂದು ಎಣಿಸಬೇಕೆಂದು ನೇಪಾಳ ವಾದಿಸುತ್ತಿದೆಯಾದರೂ, ಈ ಸ್ವತಂತ್ರ ಎತ್ತರ ಅವುಗಳಿಗೆ ಸಾಲದ್ದರಿಂದ ಹದಿನಾಲ್ಕರ ಪಟ್ಟಿ ಇನ್ನೂ ಹದಿನಾಲ್ಕಾಗಿಯೇ ಇದೆ.

ಪಟ್ಟಿಯೆಂಬುದು ಅನ್ಯಾಯವನ್ನೂ ಮಾಡುತ್ತದೆ. 8,188 ಮೀಟರಿನ ಚೋ ಓಯುವನ್ನು ಏರಲು ವರ್ಷವರ್ಷವೂ ಆರೋಹಿಗಳು ಸಾಲುಗಟ್ಟುತ್ತಾರೆ. ಅದೇ ಏಣಿನ ಮೇಲೆ ಅದರ ಪೂರ್ವಕ್ಕಿರುವ ಗ್ಯಾಚುಂಗ್ ಕಾಂಗ್ 7,952 ಮೀಟರ್ ಇದ್ದು, ಎಂಟು ಸಾವಿರ ಮೀಟರ್ ತಲುಪದ ಶಿಖರಗಳಲ್ಲೆಲ್ಲ ಅತಿ ಎತ್ತರದ್ದಾಗಿದ್ದರೂ, ಏರುವುದಕ್ಕೆ ಚೋ ಓಯುಗಿಂತ ಕಷ್ಟವಾಗಿದ್ದರೂ, 48 ಮೀಟರಿನ ಕೊರತೆಯಿಂದ ಅದನ್ನು ಕೇಳುವವರಿಲ್ಲ. ಜಗತ್ತು ಅಡಿಗಳಲ್ಲೇ ಎಣಿಸುತ್ತಿದ್ದರೆ 8,000 ಮೀಟರ್ ಎಂಬ ಗೆರೆ 26,247 ಅಡಿ ಎಂಬ ಯಾರಿಗೂ ಬೇಡದ ಸಂಖ್ಯೆಯಾಗಿರುತ್ತಿತ್ತು. ಖುಂಬು ಕಣಿವೆಯ ಶೆರ್ಪಾಗಳ ಮನಸ್ಸಿನ ಎಣಿಕೆಯೇ ಬೇರೆ. ಅವರ ಮನೆಗಳ ಹಿಂದೆ ನಿಂತಿರುವ ಖುಂಬಿಲಾ ಬರೀ 5,761 ಮೀಟರ್. ಆ ನಾಡಿನ ರಕ್ಷಕದೈವ ಅಲ್ಲಿ ನೆಲೆಸಿದೆಯೆಂಬ ನಂಬಿಕೆಯಿಂದ ಅದನ್ನು ಯಾರಿಗೂ ಏರಗೊಡುವುದಿಲ್ಲ. 6,812 ಮೀಟರಿನ ಅಮಾ ದಬ್ಲಂ ಇನ್ನೂ ಹತ್ತಿರದ್ದು: ಎರಡು ಕಡೆ ಚಾಚಿದ ಏಣುಗಳು ತಾಯಿಯ ತೋಳುಗಳು, ಎದೆಯ ಮೇಲೆ ತೂಗುವ ಹಿಮನದಿ ಹಿರಿಯ ಶೆರ್ಪಾ ಹೆಂಗಸರು ಕೊರಳಲ್ಲಿ ಧರಿಸುವ ತಾಯಿತದ ಪೆಟ್ಟಿಗೆ ಎಂದು ಅವರು ಕಾಣುತ್ತಾರೆ. ಹೊಸ ಹೆಸರುಗಳೂ ಸೇರುತ್ತಿವೆ. 1993ರಲ್ಲಿ ಸಾಗರಮಾಥಾ ಏರಿದ ಮೊದಲ ನೇಪಾಳಿ ಮಹಿಳೆ ಪಾಸಾಂಗ್ ಲ್ಹಾಮು ಶೆರ್ಪಾ ಇಳಿಯುವಾಗ ಪ್ರಾಣ ಕಳೆದುಕೊಂಡರು; ಸುಮಾರು 7,350 ಮೀಟರಿನ ಜಸಾಂಬಾ ಶಿಖರಕ್ಕೆ ಈಗ ಪಾಸಾಂಗ್ ಲ್ಹಾಮು ಚುಲಿ ಎಂಬ ಹೆಸರಿದೆ.

ಇನ್ನೂ ಪಶ್ಚಿಮಕ್ಕೆ, ರೋಲ್ವಾಲಿಂಗ್ ಕಣಿವೆಯ ಮೇಲೆ, 7,134 ಮೀಟರಿನ ಗೌರಿಶಂಕರವಿದೆ. ಎರಡು ನೆತ್ತಿಗಳಲ್ಲಿ ಎತ್ತರದ್ದು ಶಂಕರ, ದಕ್ಷಿಣದ್ದು ಗೌರಿ. ನೇಪಾಳದ ಗಡಿಯಾರವು ಈ ಪರ್ವತದ ಮೇಲೆ ಹಾಯುವ ರೇಖಾಂಶವನ್ನು ಅನುಸರಿಸುವುದರಿಂದಲೇ ಅಲ್ಲಿನ ವೇಳೆ ಭಾರತದ ವೇಳೆಗಿಂತ 15 ನಿಮಿಷ ಮುಂದಿದೆ. ಒಂದು ದೇಶದ ಹಗಲು ರಾತ್ರಿಗಳ ಲೆಕ್ಕವನ್ನು ಪರ್ವತವೊಂದಕ್ಕೆ ಒಪ್ಪಿಸಿರುವ ಉದಾಹರಣೆ ಬೇರೆಡೆ ಅಪರೂಪ. ಕಾಠ್ಮಂಡುವಿನ ಉತ್ತರಕ್ಕೆ ಲಾಂಗ್ಟಾಂಗ್, ಗಣೇಶ ಹಿಮಾಲ್‌ಗಳಿವೆ, ಎರಡೂ ಏಳು ಸಾವಿರದ ಮೇಲಿನವು. ಅವುಗಳ ಆಚೆ 8,163 ಮೀಟರಿನ ಮನಾಸ್ಲು. ಮನಸ್ಸು ಎಂಬ ಅರ್ಥದ ಸಂಸ್ಕೃತ ಪದದಿಂದ ಬಂದ ಹೆಸರಿನ ಈ ಪರ್ವತವನ್ನು 1956ರ ಮೇ 9ರಂದು ಜಪಾನಿನ ತೋಷಿಯೊ ಇಮಾನಿಷಿ ಮತ್ತು ಗ್ಯಾಲ್ಜೆನ್ ನೋರ್ಬು ಶೆರ್ಪಾ ಮೊದಲು ಏರಿದರು. ಅದರ ನೆರೆಯ 7,871 ಮೀಟರಿನ ನಗಾದಿ ಚುಲಿಯನ್ನು ಈಗಲೂ ಹಲವರು 29ನೇ ಶಿಖರವೆಂದೇ ಕರೆಯುತ್ತಾರೆ.

ಸುಮಾರು 820 ಮೀಟರಿನ ಮಟ್ಟದಲ್ಲಿರುವ ಪೋಖರಾದಲ್ಲಿ ನಿಂತವರ ಮುಂದೆ, 30 ಕಿ.ಮೀ.ಗೂ ಒಳಗೆ, 6,993 ಮೀಟರಿನ ಮಾಛಾಪುಚ್ಛ್ರೆ ಏಳುತ್ತದೆ. ಅದರ ಇಬ್ಬಗೆಯಾದ ತುದಿ ಮೀನಿನ ಬಾಲದಂತಿರುವುದರಿಂದ ಈ ಹೆಸರು. ಏಳು ಸಾವಿರಕ್ಕೂ ಏಳು ಮೀಟರ್ ಕಡಿಮೆಯಿರುವ ಇದು ಯಾವ ಪಟ್ಟಿಯಲ್ಲೂ ಮುಂದಿಲ್ಲ. ಆದರೆ ಬಾಳೆ ಬೆಳೆಯುವ ಕಣಿವೆಯಿಂದ ಆರು ಸಾವಿರ ಮೀಟರ್ ನೇರವಾಗಿ ಮೇಲೇಳುವ ನೋಟದಲ್ಲಿ ಇದಕ್ಕೆ ಸರಿಸಾಟಿ ಬಲು ಕಡಿಮೆ. ಐದು ಸಾವಿರ ಮೀಟರಿನ ಪ್ರಸ್ಥಭೂಮಿಯ ಮೇಲಿಂದ ನೋಡಿದರೆ ಎಂಟು ಸಾವಿರದ ಪರ್ವತವೂ ಸಾಧಾರಣವಾಗಿ ಕಾಣುವುದುಂಟು. ಬುಡದಿಂದ ತುದಿಗೆ ಇರುವ ಏರಿಕೆಯೇ ಕಣ್ಣಿಗೆ ನಿಜವಾದ ಎತ್ತರ. 1957ರಲ್ಲಿ ವಿಲ್ಫ್ರಿಡ್ ನಾಯ್ಸ್ ಮತ್ತು ಸಂಗಡಿಗ ತುದಿಗೆ ಸುಮಾರು 45 ಮೀಟರ್ ಉಳಿದಿರುವಾಗ ಹಿಂದಿರುಗಿದರು. ಅನಂತರ ಪವಿತ್ರ ಪರ್ವತವಾದ ಇದನ್ನು ಏರಲು ಅನುಮತಿ ಕೊಡುವುದನ್ನು ನಿಲ್ಲಿಸಲಾಯಿತು. ಅದರ ಹಿಂದೆ ಹರಡಿರುವ ಅನ್ನಪೂರ್ಣ ಸಾಲಿನ ಮುಖ್ಯ ಶಿಖರ 8,091 ಮೀಟರ್. 1950ರ ಜೂನ್ 3ರಂದು ಫ್ರಾನ್ಸಿನ ಮಾರಿಸ್ ಹೆರ್ಜೋಗ್ ಮತ್ತು ಲೂಯಿ ಲಾಶೆನಾಲ್ ಅದನ್ನು ಏರಿದಾಗ, ಮನುಷ್ಯ ತಲುಪಿದ ಮೊದಲ ಎಂಟು ಸಾವಿರ ಮೀಟರಿನ ನೆತ್ತಿ ಅದಾಯಿತು. ಇಬ್ಬರೂ ಕಾಲ್ಬೆರಳುಗಳನ್ನು ಹಿಮಕ್ಕೆ ತೆತ್ತರು.

ಅನ್ನಪೂರ್ಣಕ್ಕೂ ಧೌಲಾಗಿರಿಗೂ ನಡುವೆ ಸುಮಾರು 35 ಕಿ.ಮೀ. ಅಂತರ, ಆ ಅಂತರದಲ್ಲಿ ಕಾಳಿ ಗಂಡಕಿ ನದಿ ಸುಮಾರು 2,500 ಮೀಟರಿನ ಮಟ್ಟದಲ್ಲಿ ಹರಿಯುತ್ತದೆ. ಧೌಲಾಗಿರಿಯ ನೆತ್ತಿಯಿಂದ ಅಳೆದರೆ ಈ ಕಣಿವೆಯ ಆಳ ಐದೂವರೆ ಸಾವಿರ ಮೀಟರಿಗೂ ಹೆಚ್ಚು, ಜಗತ್ತಿನ ಅತಿ ಆಳದ ಕಣಿವೆಗಳಲ್ಲಿ ಒಂದು. ನದಿ ಹುಟ್ಟುವುದು ಶಿಖರಗಳ ಇಳಿಜಾರಿನಲ್ಲಿ ಅಲ್ಲ, ಅವುಗಳ ಉತ್ತರಕ್ಕಿರುವ ಮುಸ್ತಾಂಗ್‌ನ ಒಣ ನೆಲದಲ್ಲಿ. ಪರ್ವತಗಳು ಏಳುವುದಕ್ಕೂ ಮೊದಲೇ ಹರಿಯುತ್ತಿದ್ದ ನದಿ, ನೆಲ ಏರಿದಷ್ಟೂ ಕೊರೆಯುತ್ತ ತನ್ನ ದಾರಿಯನ್ನು ಬಿಟ್ಟುಕೊಡಲಿಲ್ಲವೆಂದು ಭೂವಿಜ್ಞಾನಿಗಳು ವಿವರಿಸುತ್ತಾರೆ. ಕರ್ನಾಟಕದ ಮಾಧ್ವ, ಶ್ರೀವೈಷ್ಣವ ಮನೆಗಳ ದೇವರ ಪೀಠದಲ್ಲಿರುವ ಸಾಲಿಗ್ರಾಮಗಳು ಬಂದಿರುವುದು ಈ ನದಿಯಿಂದಲೇ. ಚಕ್ರದ ಗುರುತಿರುವ ಆ ಕಪ್ಪು ಕಲ್ಲುಗಳು ಸುಮಾರು 15 ಕೋಟಿ ವರ್ಷಗಳ ಹಿಂದೆ ಟೆಥಿಸ್ ಸಾಗರದಲ್ಲಿ ಬದುಕಿದ್ದ, ಸುರುಳಿಚಿಪ್ಪಿನ ಅಮೊನೈಟ್ ಎಂಬ ಜೀವಿಗಳ ಪಳೆಯುಳಿಕೆಗಳು. ಶ್ರೀವೈಷ್ಣವರ 108 ದಿವ್ಯದೇಶಗಳಲ್ಲಿ ಒಂದಾದ ಮುಕ್ತಿನಾಥವೂ ಇದೇ ಕಣಿವೆಯ ಮೇಲ್ಭಾಗದಲ್ಲಿ, 3,700 ಮೀಟರಿನ ಮೇಲಿದೆ. ಸಾಗರಮಾಥಾದ ನೆತ್ತಿಯ ಸುಣ್ಣಕಲ್ಲು ಹೇಳುವ ಕಥೆಯನ್ನೇ, ಅಷ್ಟು ಎತ್ತರಕ್ಕೆ ಹೋಗಲಾರದವರ ಅಂಗೈಯಲ್ಲಿ, ಸಾಲಿಗ್ರಾಮವೂ ಹೇಳುತ್ತದೆ.

ಬಿಳಿಯ ಬೆಟ್ಟವೆಂಬ ಹೆಸರಿನ ಧೌಲಾಗಿರಿಯನ್ನು ಯೂರೋಪಿನ ತಂಡಗಳು ಹಲವು ಬಾರಿ ಯತ್ನಿಸಿ ಸೋತಿದ್ದವು. 1960ರ ಮೇ 13ರಂದು ಅದನ್ನು ಏರಿದ ಸ್ವಿಸ್ ನೇತೃತ್ವದ ತಂಡವು ಸಾಮಾನು ಸಾಗಿಸಲು ಹಿಮದ ಮೇಲಿಳಿಯುವ ಸಣ್ಣ ವಿಮಾನವನ್ನು ಬಳಸಿತ್ತು, ಆ ವಿಮಾನದ ಹೆಸರು ಯೇತಿ. ಇಲ್ಲಿಂದ ಪಶ್ಚಿಮಕ್ಕೆ ಎಂಟು ಸಾವಿರದ ಶಿಖರಗಳು ಮುಗಿಯುವುದರಿಂದ ಪ್ರವಾಸಿಗರೂ ಕಡಿಮೆ, ಬರಹಗಳೂ ಕಡಿಮೆ. ಡೋಲ್ಪೊ ಸೀಮೆಯ 6,883 ಮೀಟರಿನ ಕಾಂಜಿರೋಬಾ, ದೂರದ ಪಶ್ಚಿಮದ 7,031 ಮೀಟರಿನ ಸೈಪಾಲ್, 7,132 ಮೀಟರಿನ ಆಪಿ ಇವುಗಳ ಬಗ್ಗೆ ದೊರೆಯುವ ವಿವರ ಅನ್ನಪೂರ್ಣದ ಒಂದು ಮಗ್ಗುಲಿನ ಬಗ್ಗೆ ಇರುವುದರ ಕಾಲುಭಾಗವೂ ಇಲ್ಲ. ಅಂಕಿಗಳ ನಂಬುಗೆಯೂ ಎಲ್ಲೆಡೆ ಒಂದೇ ಅಲ್ಲ. ಸಾಗರಮಾಥಾದ ಎತ್ತರಕ್ಕಾಗಿ ದುಡಿದಷ್ಟು ಯಾರೂ ಉಳಿದವುಗಳಿಗಾಗಿ ದುಡಿದಿಲ್ಲವಾದ್ದರಿಂದ ಮಕಾಲುವಿಗೆ ಕೆಲವು ಪುಸ್ತಕಗಳಲ್ಲಿ 8,463, ಚೋ ಓಯುವಿಗೆ 8,201 ಎಂಬ ಸಂಖ್ಯೆಗಳು ಈಗಲೂ ಕಾಣುತ್ತವೆ; ಇವು ಬೇರೆಬೇರೆ ಸರ್ವೆಗಳಿಂದ ಬಂದವೇ ಹೊರತು ಮುದ್ರಣದ ತಪ್ಪುಗಳಲ್ಲ. ಆಪಿಯ ಪಶ್ಚಿಮಕ್ಕೆ ಮಹಾಕಾಳಿ ನದಿ ಗಡಿಯಾಗಿ ಹರಿಯುತ್ತದೆ. ಅದರ ಆಚೆ ಕುಮಾಂವ್, ಅಲ್ಲಿಂದ ಮುಂದಿನ ಶಿಖರಗಳು ಭಾರತದ ಲೆಕ್ಕಕ್ಕೆ ಸೇರುತ್ತವೆ.